ಡಾಕ್ಟರ್ ಮಂಗಳವಾರ ಮಾತ್ರ ಬರ್ತಾರಂತೆ, ಒಪ್ಕೊಳ್ಲಾ?

ನಿಮ್ಮ ಪತ್ರ ಎರಡು ಸಲ ಓದಿದೆ. ಹೆಸರು ಹಾಕ್ಬೇಡಿ ಅಂದಿದೀರ, ಹಾಕಲ್ಲ. ಉಳಿದ ಓದುಗರಿಗೆ ವಿಷಯ ಇಷ್ಟು: ಇವರು ಪೆನ್ಸಿಲ್ವೇನಿಯಾದಲ್ಲಿ ಫಿಸಿಷಿಯನ್ ಅಸಿಸ್ಟೆಂಟ್ (ಪಿಎ, ಅಂದ್ರೆ ಡಾಕ್ಟರ್ ಮೇಲ್ವಿಚಾರಣೇಲಿ ರೋಗಿಗಳನ್ನ ನೋಡಿ ಔಷಧಿ ಬರೆಯೋರು) ಕೋರ್ಸ್ ಮುಗಿಸಿ, ಅದರ ರಾಷ್ಟ್ರಮಟ್ಟದ ಪ್ಯಾನ್ಸ್ ಪರೀಕ್ಷೆ ಮೊದಲನೇ ಸಲಕ್ಕೇ ಪಾಸಾಗಿ, ಗಂಡನಿಗೆ ಡಲ್ಲಾಸ್‌ನಲ್ಲಿ ಕೆಲಸ ಸಿಕ್ತು ಅಂತ ಟೆಕ್ಸಸ್‌ಗೆ ಬಂದು ನಾಲ್ಕು ತಿಂಗಳಾಯ್ತು. 60 ಕಡೆ ಅರ್ಜಿ ಹಾಕಿದಾರೆ, ಹೆಚ್ಚಿನವರು ಉತ್ತರಾನೇ ಕೊಟ್ಟಿಲ್ಲ. ಈಗ ಬಂದಿರೋದು ಒಂದೇ ಆಫರ್, ಎರಡು ಗಂಟೆ ದೂರದ ಸಣ್ಣ ಊರಿನ ರೂರಲ್ ಹೆಲ್ತ್ ಕ್ಲಿನಿಕ್, ಡಾಕ್ಟರ್ ಬರೋದು ಮಂಗಳವಾರ ಮಾತ್ರ. ಒಪ್ಕೊಳ್ಲಾ ಬೇಡ್ವಾ ಅನ್ನೋದು ಪ್ರಶ್ನೆ.

ಮೊದಲು ಆ 60 ಅರ್ಜಿ ಬಗ್ಗೆ. ಡಲ್ಲಾಸ್‌ನಲ್ಲೇ ಯುಟಿ ಸೌತ್‌ವೆಸ್ಟರ್ನ್‌ನ ಪಿಎ ಕೋರ್ಸ್ ಇದೆ, ಪಕ್ಕದ ಫೋರ್ಟ್ ವರ್ತ್‌ನಲ್ಲಿ ಇನ್ನೊಂದಿದೆ, ಅಲ್ಲಿನ ಹುಡುಗರು ಇಲ್ಲಿನ ಆಸ್ಪತ್ರೆಗಳಲ್ಲೇ ರೊಟೇಶನ್ (ವಿಭಾಗ ವಿಭಾಗದಲ್ಲಿ ತರಬೇತಿ) ಮಾಡಿರ್ತಾರೆ, ರಾತ್ರಿ ಹನ್ನೊಂದಕ್ಕೆ ಇವನು ಹೇಗೆ ಕೆಲಸ ಮಾಡ್ತಾನೆ ಅಂತ ಡಾಕ್ಟರಿಗೆ ಗೊತ್ತಿರುತ್ತೆ. ನಿಮ್ಮನ್ನ ಹಾಗೆ ನೋಡಿರೋರು ಪೆನ್ಸಿಲ್ವೇನಿಯಾದಲ್ಲಿ ಇದಾರೆ. ಅವರಿಗೇ ಫೋನ್ ಮಾಡಿ. ರೆಫರೆನ್ಸ್ ಲೆಟರ್ ಕೊಡಿ ಅಂತ ಅಲ್ಲ, ಟೆಕ್ಸಸ್‌ನಲ್ಲಿ ನಿಮ್ಮ ಜೊತೆ ಓದಿದೋರು ಯಾರಾದ್ರೂ ಇದಾರಾ, ನನ್ನ ಬಗ್ಗೆ ಒಂದು ಮಾತು ಹೇಳ್ತೀರಾ ಅಂತ. ಅಂಥ ಒಂದು ಫೋನ್ ಕಾಲು ನಿಮ್ಮ ಮುಂದಿನ 60 ಅರ್ಜಿಗಿಂತ ದೊಡ್ಡದು.

ಇನ್ನು ಪತ್ರದ ಕೊನೇಲಿ ಸುಮ್ನೆ ಒಂದು ಸಾಲಲ್ಲಿ "ಕೆಲಸ ಗ್ಯಾರಂಟಿ ಆದ್ಮೇಲೆ ಲೈಸೆನ್ಸ್‌ಗೆ ಹಾಕ್ತೀನಿ" ಅಂದಿದೀರಲ್ಲ, ನೀವು ಎಡವಿರೋದು ಅಲ್ಲೇ ಅಂತ ನನ್ನ ಅನುಮಾನ. ಪ್ಯಾನ್ಸ್ ಪಾಸಾದ್ರೆ ಆಗೋದು ಸರ್ಟಿಫಿಕೇಶನ್ ಅಷ್ಟೇ, ರೋಗೀನ ಮುಟ್ಟೋಕೆ ಆಯಾ ರಾಜ್ಯದ್ದೇ ಲೈಸೆನ್ಸ್ ಬೇಕು, ಟೆಕ್ಸಸ್‌ನಲ್ಲಿ ಅದಕ್ಕೆ ಇಲ್ಲಿನ ಕಾನೂನಿನ ಮೇಲೆ ಬೇರೆ ಪರೀಕ್ಷೇನೂ ಇದೆ, ಲೈಸೆನ್ಸ್ ಬಂದ್ಮೇಲೂ ಇನ್ಶೂರೆನ್ಸ್ ಕಂಪನಿಗಳ ಕ್ರೆಡೆನ್ಶಿಯಲಿಂಗ್‌ಗೆ, ಅಂದ್ರೆ ನಿಮ್ಮ ಅರ್ಹತೆ ಪರಿಶೀಲಿಸಿ ಒಪ್ಕೊಳ್ಳೋದಕ್ಕೆ, ಎರಡು ಮೂರು ತಿಂಗಳು ಹೋಗೋದು ಮಾಮೂಲು, ಅಂದ್ಮೇಲೆ ಇವತ್ತು ಲೈಸೆನ್ಸ್ ಇರೋ ಹೊಸಬರು ಸಿಕ್ಕಿದ್ರೆ ನಿಮ್ಮನ್ನ ಯಾಕೆ ಕಾಯ್ತಾರೆ ಹೇಳಿ. ಇವತ್ತೇ ಅರ್ಜಿ ಹಾಕಿ. ನಿಯಂತ್ರಿತ ಔಷಧಿ ಬರೆಯೋಕೆ ಬೇಕಾದ ಡಿಇಎ ರಿಜಿಸ್ಟ್ರೇಶನ್‌ಗೆ ಮಾತ್ರ ಅವಸರ ಬೇಡ, ಮೂರು ವರ್ಷಕ್ಕೆ 888 ಡಾಲರ್, ಕೆಲಸ ಕೊಡೋರು ಕಟ್ತಾರಾ ಅಂತ ಕೇಳಿ ಆಮೇಲೆ ನೋಡಿ.

ಈಗ ಆ ಕ್ಲಿನಿಕ್. ಎಲ್ಲೂ ಕರೀದೇ ಇರೋವಾಗ ಅಲ್ಲಿ ಮಾತ್ರ ಯಾಕೆ ಕರೆದ್ರು? 1977ರ ರೂರಲ್ ಹೆಲ್ತ್ ಕ್ಲಿನಿಕ್ ಕಾನೂನಿನ ಪ್ರಕಾರ ಇಂಥ ಕ್ಲಿನಿಕ್ ನಡೀಬೇಕು ಅಂದ್ರೆ ಒಬ್ಬ ಪಿಎನೋ ನರ್ಸ್ ಪ್ರಾಕ್ಟಿಷನರೋ (ಹೆಚ್ಚಿನ ತರಬೇತಿ ಪಡೆದು ಚಿಕಿತ್ಸೆ ಕೊಡೋ ನರ್ಸ್) ಬೇಕೇ ಬೇಕು, ಬಾಗಿಲು ತೆರೆದಿರೋ ಹೊತ್ತಲ್ಲಿ ಕನಿಷ್ಠ ಅರ್ಧ ಹೊತ್ತಾದ್ರೂ ಅವರು ಅಲ್ಲಿರ್ಬೇಕು. ಹಾಗಾಗಿ ನೀವು ಅವರಿಗೆ ನಿಜವಾಗ್ಲೂ ಬೇಕು. ಇದರಲ್ಲಿ ಮೋಸ ಏನಿಲ್ಲ, 1965ರಲ್ಲಿ ಡ್ಯೂಕ್ ಯೂನಿವರ್ಸಿಟೀಲಿ ನೌಕಾಪಡೆಯ ನಾಲ್ಕು ಜನ ವೈದ್ಯಕೀಯ ಸಹಾಯಕರನ್ನ ಕೂರಿಸ್ಕೊಂಡು ಈ ಕೋರ್ಸ್ ಶುರು ಮಾಡಿದ್ದೇ ಡಾಕ್ಟರ್‌ಗಳು ಸಾಲ್ತಾ ಇಲ್ಲ ಅಂತ. ಆದ್ರೆ ಅವರಿಗೆ ನೀವು ಬೇಕು ಅನ್ನೋದು ಒಂದು, ನಿಮಗೆ ಕಲಿಸೋರು ಅಲ್ಲಿ ಇದಾರೆ ಅನ್ನೋದು ಇನ್ನೊಂದು.

ಒಂದು ಗುರುವಾರ ಮಧ್ಯಾಹ್ನ ಅಂದ್ಕೊಳ್ಳಿ. ವರ್ಷಗಟ್ಟಲೆ ಬೆನ್ನುನೋವಿಗೆ ಹೈಡ್ರೊಕೊಡೋನ್ ಅನ್ನೋ ಓಪಿಯಾಯ್ಡ್ ನೋವಿನ ಮಾತ್ರೆ ನುಂಗ್ತಾ ಇರೋ ಮುದುಕರೊಬ್ಬರು ಬಂದು, ಮಾತ್ರೆ ಖಾಲಿ ಆಗಿದೆ ಬರ್ಕೊಡಮ್ಮ ಅಂತಾರೆ. ಅದು 2014ರಿಂದ ಶೆಡ್ಯೂಲ್ 2 ಔಷಧಿ, ಅಂದ್ರೆ ಚಟ ಹಿಡಿಸೋ ಅಪಾಯ ಹೆಚ್ಚು ಅಂತ ಬಿಗಿ ನಿಯಂತ್ರಣದಲ್ಲಿರೋದು, ಟೆಕ್ಸಸ್‌ನಲ್ಲಿ ಪಿಎ ಅದನ್ನ ಆಸ್ಪತ್ರೆ ಒಳಗೆ, ಎಮರ್ಜೆನ್ಸಿ ವಿಭಾಗದಲ್ಲಿ ಅಥವಾ ಹಾಸ್ಪಿಸ್ (ಕೊನೆಗಾಲದ ಆರೈಕೆ) ರೋಗಿಗಳಿಗೆ ಬರೀಬಹುದೇ ಹೊರತು ಇಂಥ ಕ್ಲಿನಿಕ್‌ನಲ್ಲಿ ಬರೆಯೋ ಹಾಗಿಲ್ಲ. ಡಾಕ್ಟರ್ ಬರೋದು ಇನ್ನು ಐದು ದಿನಕ್ಕೆ. ಮುದುಕರು ಎದುರಿಗೆ ಕೂತಿದಾರೆ, ಹೊರಗೆ ಇನ್ನೂ ಆರು ಜನ ಕಾಯ್ತಿದಾರೆ. ಹತ್ತು ವರ್ಷ ಅನುಭವ ಇರೋರು ಇದನ್ನ ಸಂಭಾಳಿಸ್ತಾರೆ, ಮೊದಲನೇ ತಿಂಗಳಲ್ಲಿ ನೀವು?

ಅದಕ್ಕೇ ಬೇಡ ಅನ್ನೋ ಮುಂಚೆ ಮೂರು ನಾಲ್ಕು ವಿಷಯ ಕೇಳಿ. ಮೊದಲ ಮೂರು ತಿಂಗಳು ಡಾಕ್ಟರ್ ವಾರಕ್ಕೆ ಮೂರು ದಿನ ಬರೋಕಾಗುತ್ತಾ, ದಿನಕ್ಕೆ ಎಂಟು ರೋಗಿಯಿಂದ ಶುರು ಮಾಡಿ ನಿಧಾನಕ್ಕೆ ಏರಿಸ್ತೀರಾ, ನನಗಿಂತ ಮುಂಚೆ ಇದ್ದ ಪಿಎ ಯಾಕೆ ಬಿಟ್ರು, ಅವರ ನಂಬರ್ ಕೊಡ್ತೀರಾ. ಕೊನೇದಕ್ಕೆ ಮುಖ ಸಣ್ಣದು ಮಾಡ್ಕೊಂಡ್ರೆ ನಿಮಗೆ ಉತ್ತರ ಸಿಕ್ಕ ಹಾಗೇ. ಒಪ್ಕೊಂಡಿದ್ದೆಲ್ಲ ಕಾಂಟ್ರಾಕ್ಟ್‌ನಲ್ಲಿ ಬರಲಿ. ಮಾಲ್‌ಪ್ರಾಕ್ಟಿಸ್ (ಚಿಕಿತ್ಸೇಲಿ ತಪ್ಪಾಯ್ತು ಅನ್ನೋ ಕೇಸಿನ) ಇನ್ಶೂರೆನ್ಸ್ ಕ್ಲೇಮ್ಸ್-ಮೇಡ್, ಅಂದ್ರೆ ಪಾಲಿಸಿ ಚಾಲ್ತಿ ಇರೋವಾಗ ಬಂದ ಕ್ಲೇಮ್‌ಗೆ ಮಾತ್ರ ರಕ್ಷಣೆ ಕೊಡೋದು ಆಗಿದ್ರೆ, ಬಿಟ್ಟು ಹೋಗುವಾಗ ಆಮೇಲೆ ಬರೋ ಕ್ಲೇಮ್‌ಗೆ ಬೇಕಾದ ಟೇಲ್ ಕವರೇಜ್ ದುಡ್ಡು ಯಾರು ಕೊಡ್ತಾರೆ ಅನ್ನೋದೂ ಅದರಲ್ಲೇ ಇರ್ಲಿ, ಅದು ಸಣ್ಣ ಮೊತ್ತ ಅಲ್ಲ. ಸ್ಟೂಡೆಂಟ್ ಲೋನ್ ಇದೆ ಅಂದಿದೀರ, ಆ ಕ್ಲಿನಿಕ್ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ಅನ್ನೋ ಸರ್ಕಾರಿ ಯೋಜನೆಯ ಪಟ್ಟೀಲಿ ಇದೆಯಾ ನೋಡಿ, ಇದ್ರೆ ಎರಡು ವರ್ಷದ ಸೇವೆಗೆ ಸಾಲದಲ್ಲಿ ಒಳ್ಳೇ ಭಾಗ ತೀರೋ ಅವಕಾಶ ಇದೆ.

ಇದಕ್ಕೆಲ್ಲ ಅವರು ಹೂಂ ಅಂದ್ರೆ ನಾನಾಗಿದ್ರೆ ಒಪ್ಕೊಳ್ತಿದ್ದೆ, ಎರಡು ಗಂಟೆ ದೂರ ಆದ್ರೂ ಸರಿ. ಮಂಗಳವಾರ ಬಿಟ್ಟು ಬೇರೆ ದಿನ ಆಗಲ್ಲ ಅಂದ್ರೆ ಬೇಡ, ಸಂಬಳ ಎಷ್ಟೇ ಇರ್ಲಿ.

ಉತ್ತರ ಕೊಡೋಕೆ ಮುಂದಿನ ಶುಕ್ರವಾರ ಕಡೇ ದಿನ ಅಂದಿದೀರ, ಸಂಚಿಕೆ ಕೈಗೆ ಬರೋಷ್ಟರಲ್ಲಿ ಅದು ಮುಗಿದಿರುತ್ತೆ ಅಂತ ಇದನ್ನ ನಿಮಗೆ ಇವತ್ತೇ ಇಮೇಲ್ ಮಾಡ್ತಿದೀನಿ. ಗುರುವಾರ ಅಲ್ಲಿಗೆ ಹೋಗಿ ಇಡೀ ದಿನ ಸುಮ್ನೆ ಕೂತು ನೋಡ್ತೀನಿ ಅಂತ ಕೇಳಿ. ನಡುವೆ ಯಾರಾದ್ರೂ ಡಾಕ್ಟರಿಗೆ ಫೋನ್ ಮಾಡೇ ಮಾಡ್ತಾರೆ, ಅವರು ಎತ್ತೋಕೆ ಎಷ್ಟು ಹೊತ್ತು ತಗೊಂಡ್ರು ಅಂತ ಗಡಿಯಾರ ನೋಡ್ಕೊಳ್ಳಿ.