ಅಪ್ಪನ ದೋಣಿಯ ಅಡಿ ಸೋರುತ್ತಿದೆ, ಐದೇ ಜನ ಸೇರಿ ಕವುಚಿ ಹಾಕುವುದು ಹೇಗೆ?

ಪ್ರಶ್ನೆ: ನಮಸ್ತೆ ಸರ್. ನಮ್ಮದು ಉಡುಪಿ ಜಿಲ್ಲೆಯ ಹಂಗಾರಕಟ್ಟೆ ಹತ್ತಿರ, ಹೊಳೆ ಬದಿಯ ಮನೆ. ಅಪ್ಪನ ಕಾಲದ 18 ಅಡಿಯ ಮರದ ದೋಣಿ ಇದೆ. ಮರುವಾಯಿ (ಕಪ್ಪೆಚಿಪ್ಪು) ಹೆಕ್ಕಲಿಕ್ಕೆ, ಬಲೆ ಬೀಸಲಿಕ್ಕೆ ಈಗಲೂ ಅದೇ. ಎಂಜಿನ್ ಇಲ್ಲ. ಈ ವರ್ಷ ಅಡಿಯಿಂದ ನೀರು ಬರುತ್ತಿದೆ, ಗಂಟೆಗೆ ನಾಲ್ಕೈದು ಸಲ ಎತ್ತಿ ಚೆಲ್ಲಬೇಕು. ಮೊದಲೆಲ್ಲ ಕೇರಿಯವರು ಬಂದು ‘ಐಸಾ’ ಅಂತ ಕವುಚಿ ಹಾಕುತ್ತಿದ್ದರು. ಈಗ ನಾನು, ತಮ್ಮ ಇಬ್ಬರೇ, ಕರೆದರೆ ಇನ್ನು ಮೂವರು ಬಂದಾರು. ದೋಣಿ ಒಡೆಯದ ಹಾಗೆ ತಿರುಗಿಸುವುದು ಹೇಗೆ? ಅಡಿಗೆ ಫೈಬರ್ ಹೊದಿಸಿದರೆ ಒಳ್ಳೆಯದಾ?

ಉತ್ತರ: ಐದು ಜನ ಧಾರಾಳ ಸಾಕು ಮಾರಾಯ್ರೆ. ಜನ ಕಡಿಮೆಯಾಗಿ ದೋಣಿ ಒಡೆದದ್ದನ್ನು ನಾನು ನೋಡಿಲ್ಲ, ಜಾಸ್ತಿಯಾಗಿ ಒಡೆದದ್ದನ್ನು ನೋಡಿದ್ದೇನೆ. ನಾನು ಕೆಲಸ ಕಲಿಯುವಾಗ ಒಂದು ದೋಣಿಯನ್ನು ಹದಿನೈದು ಜನ ಸೇರಿ ಎತ್ತಿದೆವು, ಎಲ್ಲರೂ ಎತ್ತುವ ಬದಿಯಲ್ಲೇ, ಆಚೆ ಬದಿಯಲ್ಲಿ ಹಿಡಿಯಲಿಕ್ಕೆ ಒಬ್ಬನೂ ಇಲ್ಲ. ದೋಣಿ ಪಕ್ಕಕ್ಕೆ ನೆಟ್ಟಗೆ ನಿಂತಿತು, ಎಲ್ಲರಿಗೂ ಖುಷಿ, ಇನ್ನೊಂದು ಸಲ ‘ಐಸಾ’ ಅಂದೆವು. ಧಡ್ ಅಂತ ಬಿತ್ತು. ಅಂಚಿನ ಹಲಗೆ ಮೂತಿಯಿಂದ ನಡುವಿನವರೆಗೆ ಸೀಳಿ ಹೋಯಿತು. ಬರೀ ನೀರು ಸೋರುತ್ತಿದ್ದ ದೋಣಿಗೆ ಹೊಸ ಹಲಗೆಯ ಖರ್ಚೂ ಬಂತು. ಎತ್ತುವುದು ಸುಲಭ, ಇಳಿಸುವಾಗಲೇ ಎಡವಟ್ಟಾಗುವುದು. ಅರ್ಧ ದಾಟಿದ ಮೇಲೆ ದೋಣಿ ತಾನಾಗಿ ಬೀಳುತ್ತದೆ, ಅದನ್ನು ತಡೆಯುವ ವ್ಯವಸ್ಥೆ ಮೊದಲು ಮಾಡಿ, ಆಮೇಲೆ ಎತ್ತಿ.

ಮೊದಲು ಭಾರ ಇಳಿಸಿ. ಜಲ್ಲೆ, ಹುಟ್ಟು, ಬಲೆ, ಒಳಗಿನ ಬಿಡಿ ಹಲಗೆ, ಮೂಲೆಯ ಕೆಸರು ಎಲ್ಲ ಹೊರಗೆ. ನೀರು ಒಂದು ಹನಿಯೂ ಬೇಡ. 6 ಅಡಿ ಉದ್ದ, ಎರಡೂವರೆ ಅಡಿ ಅಗಲಕ್ಕೆ 4 ಇಂಚು ನೀರು ನಿಂತಿದ್ದರೆ ಅದೇ 140 ಲೀಟರ್, ಅಂದರೆ 140 ಕಿಲೋ. ನಿಮ್ಮ ದೋಣಿ ಒಂದು 250 ಕಿಲೋ ಅಂತಲೇ ಇಟ್ಟುಕೊಳ್ಳಿ. ಒಂದು ಬದಿಯನ್ನು ಎಬ್ಬಿಸಲಿಕ್ಕೆ ಅದರ ಅರ್ಧ ಎತ್ತಿದರೆ ಸಾಕು. ಒಬ್ಬ ಹಗ್ಗ ಹಿಡಿದು ನಿಲ್ಲಬೇಕು, ಉಳಿದ ನಾಲ್ವರಿಗೆ ಹಂಚಿದರೆ ತಲೆಗೆ ಸುಮಾರು 31 ಕಿಲೋ, ಒಂದು ಸಣ್ಣ ಅಕ್ಕಿ ಚೀಲಕ್ಕಿಂತ ಸ್ವಲ್ಪ ಜಾಸ್ತಿ.

ಆದರೆ ಹೊಳೆ ಬಾಗಿಲಲ್ಲೇ ಇರುವಾಗ ನೆಲದ ಮೇಲೆ ಯಾಕೆ ಕಷ್ಟಪಡುತ್ತೀರಿ? ನಾನಾದರೆ ನೀರಲ್ಲೇ ತಿರುಗಿಸುತ್ತೇನೆ. ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಭರತ (ಸಮುದ್ರದ ನೀರು ಏರುವುದು) ಜೋರು ಇರುತ್ತದೆ, ಆ ದಿನ ಹಿಡಿಯಿರಿ. ದಡದಲ್ಲಿ, ಭರತದ ನೀರು ಮುಟ್ಟುವ ಜಾಗದಲ್ಲಿ, ಎರಡು ತೆಂಗಿನ ಕಾಂಡ ಅಡ್ಡ ಹಾಕಿ ಗೂಟ ಹೊಡೆದು ಕಟ್ಟಿಡಿ, ಇಲ್ಲದಿದ್ದರೆ ಅವೂ ತೇಲಿ ಹೋಗುತ್ತವೆ. ನೀರು ಇನ್ನೂ ಏರುತ್ತಿರುವಾಗಲೇ ಸೊಂಟದ ಆಳದಲ್ಲಿ ದೋಣಿಗೆ ಬೇಕಂತಲೇ ನೀರು ತುಂಬಿಸಿ. ಮರ ಅಲ್ವಾ, ಅಂಚಿನವರೆಗೆ ಮುಳುಗಿದರೂ ತಳಕ್ಕೆ ಹೋಗುವುದಿಲ್ಲ. ಇಬ್ಬರು ಒಂದು ಅಂಚನ್ನು ಕಾಲಲ್ಲಿ ಒತ್ತಿ, ಆಚೆ ಅಂಚನ್ನು ಕೈಯಲ್ಲಿ ತಮ್ಮ ಕಡೆಗೆ ಎಳೆದರೆ ಎಮ್ಮೆ ಮಗ್ಗುಲು ಬದಲಿಸಿದ ಹಾಗೆ ನಿಧಾನಕ್ಕೆ ತಿರುಗುತ್ತದೆ. ಹಾಗೇ ತೇಲಿಸಿಕೊಂಡು ಹೋಗಿ ಕಾಂಡಗಳ ಮೇಲೆ ನಿಲ್ಲಿಸಿ. ಇಳಿತಕ್ಕೆ ನೀರು ಹೋಗುತ್ತದೆ, ದೋಣಿ ಕೂರುತ್ತದೆ. ಒಂದು ಹಗ್ಗ ಮಾತ್ರ ಯಾವಾಗಲೂ ದಡದ ಮರಕ್ಕೆ ಕಟ್ಟಿರಲಿ, ಇಳಿತ ಶುರುವಾದ ಮೇಲೆ ಈ ಕೆಲಸಕ್ಕೆ ಇಳಿಯಲೇಬೇಡಿ. ಸೀತಾ ಮತ್ತು ಸ್ವರ್ಣಾ ಹೊಳೆ ಎರಡೂ ನಿಮ್ಮ ಹತ್ತಿರದ ಕೋಡಿಬೆಂಗ್ರೆ ಅಳಿವೆಯಲ್ಲೇ ಸಮುದ್ರ ಸೇರುವುದು, ಆ ಎಳೆತ ನಿಮಗೆ ನಾನು ಹೇಳಬೇಕಾಗಿಲ್ಲ.

ಇದರಲ್ಲಿ ಇನ್ನೊಂದು ಲಾಭ ಇದೆ. ಕವುಚಿದ ದೋಣಿ ತೇಲುತ್ತಿರುವಾಗ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅಡಿಯ ಮೇಲೆ ಚೆಂಬಿನಲ್ಲಿ ಸೋಪಿನ ನೀರು ಹೊಯ್ದು, ಒಬ್ಬರು ಅಂಚನ್ನು ಸ್ವಲ್ಪ ಕೆಳಗೆ ಒತ್ತಲಿ. ಸೋರುವ ಸಂದಿನಲ್ಲಿ ಗುಳ್ಳೆ ಏಳುತ್ತದೆ. ಕೂಡಲೇ ಮೊಳೆಯಿಂದ ಗೀಚಿ ಗುರುತು ಮಾಡಿ, ಒಣಗಿದ ಮೇಲೆ ಅದಕ್ಕೆ ಚಾಕ್ ಹಚ್ಚಿ. ವಾರ ಬಿಟ್ಟು ನೋಡಿದರೆ ಎಲ್ಲ ಸಂದೂ ಬಾಯಿ ಬಿಟ್ಟಿರುತ್ತದೆ, ಆಗ ನಿಜವಾಗಿ ಸೋರುವುದು ಯಾವುದು ಅಂತ ಗೊತ್ತಾಗುವುದಿಲ್ಲ.

ನೆಲದಲ್ಲೇ ಮಾಡಬೇಕಾಗಿ ಬಂದರೆ ಹೊಯಿಗೆ (ಮರಳು) ಇರುವ ಜಾಗ ನೋಡಿ, ಮುರಕಲ್ಲಿನ ಮೇಲೆ ಬೇಡ. ಬೀಳುವ ಬದಿಗೆ ಹಳೆ ಟಯರ್, ಬೈಹುಲ್ಲಿನ ಚೀಲ. ಎತ್ತುವ ಬದಿಯ ಅಂಚಿಗೆ ಹಗ್ಗ ಕಟ್ಟಿ, ಹಿಂದಿನ ತೆಂಗಿನ ಮರಕ್ಕೆ ಎರಡು ಸುತ್ತು ಹಾಕಿ ಒಬ್ಬ ಹಿಡಿದಿರಲಿ. ಐವರಲ್ಲಿ ಗಟ್ಟಿ ತಲೆಯವನು ಇವನೇ ಆಗಿರಬೇಕು, ಗಟ್ಟಿ ತೋಳಿನವನಲ್ಲ. ಉಳಿದ ನಾಲ್ವರು ಗೇಣು ಗೇಣು ಎತ್ತಿ, ಪ್ರತಿ ಸಲ ಅಡಿಗೆ ಮರದ ತುಂಡು ಕೊಡಿ. ದೋಣಿ ನೆಟ್ಟಗಾದ ಮೇಲೆ ಹಗ್ಗದವನು ಇಂಚಿಂಚೇ ಬಿಡಲಿ. ಬೀಳುವ ಬದಿಯಲ್ಲಿ ಮಕ್ಕಳು, ನಾಯಿ, ಬುದ್ಧಿ ಹೇಳುವವರು ಯಾರೂ ಬೇಡ.

ಕವುಚಿದ್ದನ್ನು ಮಣ್ಣಿಗೆ ತಾಗಿಸಬೇಡಿ, ಒರಲೆ (ಗೆದ್ದಲು) ಹತ್ತುತ್ತದೆ. ಕೂರುವ ಅಡ್ಡಹಲಗೆಯ ನೇರಕ್ಕೆ ಎರಡು ಕಡೆ ಆಧಾರ ಕೊಡಿ. ನೆರಳು ಬೇಕೇ ಬೇಕು, ಬಿಸಿಲಿಗೆ ಹಲಗೆ ಸೀಳು ಬಿಡುತ್ತದೆ. ಆದರೆ ಕಾಯಿ ಬಲಿತ ತೆಂಗಿನ ಮರದ ಅಡಿ ಮಾತ್ರ ಬೇಡ. ನಗಬೇಡಿ, ರಿಪೇರಿ ಮುಗಿದ ದೋಣಿಗೆ ತೆಂಗಿನಕಾಯಿ ಬಿದ್ದು ಮತ್ತೆ ನನ್ನ ಹತ್ತಿರ ಬಂದವರಿದ್ದಾರೆ.

ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಅಡಿ ಪೂರ್ತಿ ಕುಟ್ಟಿ ನೋಡಿ. ಟಣ್ ಅಂದರೆ ಒಳ್ಳೆಯದು. ಡಬ್ ಅಂದರೆ ಚುಚ್ಚಿ. ಹೊರಗೆ ಸೂಜಿ ತೂತು, ಒಳಗೆ ಜೇನುಹಲ್ಲೆಯ ಹಾಗಿದ್ದರೆ ಅದು ಮರ ಕೊರೆಯುವ ಹುಳದ ಕೆಲಸ, ಆ ತುಂಡನ್ನು ತೆಗೆಯಲೇಬೇಕು. ತುಕ್ಕು ಮೊಳೆಯ ಸುತ್ತ ಮರ ಕಪ್ಪಾಗಿದ್ದರೆ ಮೊಳೆ ಬದಲಿಸಿ. ಸಂದಿಗೆ ಹತ್ತಿ ಹುರಿ ತುಂಬುವಾಗ ಕೈ ಹಗುರ ಇರಲಿ. ಒಣ ಮರಕ್ಕೆ ಬಿಗಿಯಾಗಿ ಜಡಿದರೆ, ನೀರಿಗೆ ಇಳಿದು ಹಲಗೆ ಉಬ್ಬಿದಾಗ ಜಾಗ ಸಿಗದೆ ಮೊಳೆಯನ್ನೇ ಕೀಳುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದಾದರೆ ಕೈಗೆ ಗ್ಲೌಸ್ ಹಾಕಿ, ಚರ್ಮಕ್ಕೆ ತಾಗಿದರೆ ಬೊಬ್ಬೆ ಬರುತ್ತದೆ.

ಫೈಬರ್ ಬೇಡ. ಹೊಸ, ಒಣಗಿದ ಮರಕ್ಕಾದರೆ ಮಾತು ಬೇರೆ. ವರ್ಷಗಟ್ಟಲೆ ಉಪ್ಪು ನೀರು ಕುಡಿದ ಮರಕ್ಕೆ ಹೊದಿಸಿದರೆ ಪಸೆ ಒಳಗೇ ಉಳಿಯುತ್ತದೆ. ಹೊರಗೆ ಹೊಳೆಯುತ್ತದೆ, ಒಳಗೆ ಕುಂಬಾಗುತ್ತದೆ (ಕೊಳೆಯುತ್ತದೆ), ಒಂದು ದಿನ ಫೈಬರ್ ಸಿಪ್ಪೆಯ ಹಾಗೆ ಏಳುತ್ತದೆ.

ಫೆಬ್ರವರಿ, ಮಾರ್ಚ್‌ನಲ್ಲಿ ಮುಗಿಸಿಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ರಜೆ, ಮಲ್ಪೆಯ ಬೋಟುಗಳೆಲ್ಲ ಆಗಲೇ ರಿಪೇರಿಗೆ ನಿಲ್ಲುವುದು. ಆ ಹೊತ್ತಲ್ಲಿ ನಿಮ್ಮ ಸಣ್ಣ ದೋಣಿಗೆ ಆಚಾರಿ ಸಿಗುವುದು ಕಷ್ಟ, ಮಳೆಗೆ ಬಣ್ಣವೂ ಒಣಗುವುದಿಲ್ಲ.

ಮತ್ತೆ ನೀರಿಗೆ ಇಳಿಸಿದ ಮೊದಲ ದಿನ ಒಳಗೆ ನೀರು ಬಂದೇ ಬರುತ್ತದೆ, ಹೆದರಬೇಡಿ. ಒಣಗಿದ ಹಲಗೆ ಉಬ್ಬಬೇಕು. ದಡಕ್ಕೆ ಕಟ್ಟಿ ಎರಡು ದಿನ ಬಿಡಿ. ಮೂರನೇ ದಿನವೂ ನೀವು ಗುರುತು ಹಾಕಿದ ಜಾಗದಿಂದಲೇ ಬರುತ್ತಿದ್ದರೆ ಫೋಟೋ ತೆಗೆದು ಕಳಿಸಿ, ಹೊರಗಿನದ್ದಲ್ಲ, ಒಳಗಿನದ್ದು.