ಫ್ರೀಜರ್ ತಣ್ಣಗಿದೆ, ಕೆಳಭಾಗ ತಣಿಯುತ್ತಿಲ್ಲ

ಪ್ರಶ್ನೆ: ನಮ್ಮ ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಫ್ರಿಜ್‌ನ ಫ್ರೀಜರ್‌ನಲ್ಲಿ ಐಸ್ ಕಟ್ಟುತ್ತದೆ; ಆದರೆ ಕೆಳಗಿಟ್ಟ ದೋಸೆ ಹಿಟ್ಟು ಒಂದೇ ದಿನಕ್ಕೆ ಹುಳಿಯಾಗುತ್ತಿದೆ. ಗ್ಯಾಸ್ ತುಂಬಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಒಪ್ಪಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಅವಸರ ಬೇಡ. ಗ್ಯಾಸ್ ಸೋರಿದ್ದರೆ ಸಾಮಾನ್ಯವಾಗಿ ಫ್ರೀಜರ್ ಕೂಡ ಸೊರಗುತ್ತದೆ. ಫ್ರೀಜರ್‌ನ ಹಿಂಬದಿಯ ಫಲಕದೊಳಗಿನ ಕೊಳವೆಗಳ ತಂಪನ್ನು ಫ್ಯಾನ್ ಕೆಳಕ್ಕೆ ತಳ್ಳುತ್ತದೆ. ಆ ಕೊಳವೆಗಳ ಮೇಲೆ ಕೂರುವ ಹಿಮವನ್ನು ಆಗಾಗ ಕರಗಿಸುವ ಹೀಟರ್ ಅಥವಾ ಅದರ ಸೆನ್ಸರ್ ಕೆಟ್ಟರೆ, ಹಿಮ ಗಟ್ಟಿಯಾಗಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಪ್ಲಗ್ ತೆಗೆದು, ಬಾಗಿಲು ತೆರೆದು 24 ಗಂಟೆ ಬಿಡಿ. ಚಾಕುವಿನಿಂದ ಕೆರೆಯಲೇಬೇಡಿ; ಕೊಳವೆ ತೂತಾದರೆ ಆಗ ನಿಜವಾಗಿಯೂ ಗ್ಯಾಸ್ ತುಂಬಿಸಬೇಕಾದೀತು! ಬಳಿಕ ಕೆಲವು ದಿನ ಸರಿಯಾಗಿ ನಡೆದು ಪುನಃ ಕೈಕೊಟ್ಟರೆ, ಮೆಕ್ಯಾನಿಕ್‌ಗೆ ಮೊದಲು ಹೀಟರ್ ಮತ್ತು ಸೆನ್ಸರ್ ಪರೀಕ್ಷಿಸಲು ಹೇಳಿ.