‘ನೋಡೋಣ’ ಎಂದರೆ ಎಷ್ಟು ‘ಇಲ್ಲ’?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಭಾರತ, ಜಪಾನ್ ಎರಡೂ ‘ಹೈ-ಕಾಂಟೆಕ್ಸ್ಟ್’ ಸಂಸ್ಕೃತಿ, ಬಾಯಿಬಿಟ್ಟು ಹೇಳದಿದ್ದರೂ ಅರ್ಥ ಮಾಡಿಕೊಳ್ಳುವವರು ಎಂದು ಕಂಪನಿಯ ತರಬೇತಿಯಲ್ಲಿ ಹೇಳಿದರು. ಹಾಗಿದ್ದರೆ ಜಪಾನಿನವರ ಜೊತೆ ವ್ಯವಹಾರ ಸಲೀಸಾಗಬೇಕಿತ್ತಲ್ಲ? ‘ಪರಿಶೀಲಿಸುತ್ತೇವೆ’ ಎಂದರು, ಮೂರು ವಾರ ಕಾದೆವು, ಆರ್ಡರ್ ಬರಲಿಲ್ಲ. (ಓದುಗರು, ಬಿಡದಿ)

ಉತ್ತರ: ತೊಡಕಿರುವುದು ಆ ‘ಎರಡೂ’ ಎಂಬ ಪದದಲ್ಲೇ. ಈ ವಿಂಗಡಣೆ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ ಅವರದು, 1976ರ ತಮ್ಮ ಪುಸ್ತಕದಲ್ಲಿ ಅದನ್ನು ವಿವರಿಸಿದರು. ಸಂದೇಶದ ಎಷ್ಟು ಪಾಲು ಪದಗಳಲ್ಲಿದೆ, ಎಷ್ಟು ಪಾಲು ಕೇಳುವವನಿಗೆ ಮೊದಲೇ ಗೊತ್ತಿದೆ ಎಂಬುದು ಅವರ ಅಳತೆಗೋಲು. ಇಬ್ಬರಿಗೂ ಗೊತ್ತಿರುವುದು ಒಂದೇ ಆಗಿದ್ದರೆ ಮಾತ್ರ ಅರ್ಧ ಮಾತು ಸಾಕಾಗುತ್ತದೆ. ನಾವು ಹೊರಟವರನ್ನು ‘ಎಲ್ಲಿಗೆ?’ ಎನ್ನದೆ ‘ದೂರ ಹೊರಟಿರಾ?’ ಎಂದು ಕೇಳುತ್ತೇವೆ. ಹೋಗುವವರು ‘ಬರ್ತೀನಿ’ ಎಂದೇ ಹೋಗುತ್ತಾರೆ. ಒಸಾಕಾದಲ್ಲಿ ಬೆಳೆದವರಿಗೆ ಇದು ಹೇಗೆ ತಿಳಿಯಬೇಕು? ಅವರೂ ಸೂಚ್ಯವಾಗಿ ಹೇಳುವವರು, ನಾವೂ ಹಾಗೆಯೇ, ಆದರೆ ಸೂಚನೆಗಳೇ ಬೇರೆ. ಇಬ್ಬರಲ್ಲಿ ಒಬ್ಬರಾದರೂ ಬಿಡಿಸಿ ಹೇಳುವವರಾಗಿದ್ದರೆ ಇಷ್ಟು ಪೇಚಾಟ ಇರುತ್ತಿರಲಿಲ್ಲ.

ನೀವು ಕೇಳಿದ್ದು ಬಹುಶಃ ‘ಕೆಂತೋ ಶಿಮಸ್’ ಎಂಬ ಮಾತಿನ ಅನುವಾದ. ಪದಶಃ ಅದು ‘ಪರಿಶೀಲಿಸುತ್ತೇವೆ’ಯೇ. ಜೊತೆಗೆ ದಿನಾಂಕ, ಹೊಣೆ ಹೊತ್ತವರ ಹೆಸರು, ಮರುಪ್ರಶ್ನೆ ಯಾವುದೂ ಬರದಿದ್ದರೆ ಅದು ನಮ್ಮ ‘ನೋಡೋಣ’ದ ಅಣ್ಣ. ‘ಮುಜುಕಶೀ’, ಅಂದರೆ ‘ಕಷ್ಟ’, ಎಂದರೆ ಹೆಚ್ಚಿನ ಸಲ ‘ಆಗುವುದಿಲ್ಲ’ ಎಂದೇ. ನಾವು ಅದನ್ನು ಚೌಕಾಸಿಗೆ ಕರೆ ಎಂದುಕೊಂಡು ರೇಟು ಇಳಿಸಲು ಹೊರಡುತ್ತೇವೆ. ‘ಚೊತ್ತೊ...’ (ಸ್ವಲ್ಪ) ಎಂದು ರಾಗ ಎಳೆದು, ಹಲ್ಲುಸಂದಿಯಲ್ಲಿ ಉಸಿರೆಳೆದುಕೊಂಡು ಸುಮ್ಮನಾದರೆ ಅಲ್ಲಿಗೆ ಮುಗಿಯಿತು. ‘ಹಾಯ್’ ಎಂಬುದು ‘ಹೌದು’ ನಿಜ. ಆದರೆ ನೀವು ಮಾತಾಡುತ್ತಿರುವಾಗ ನಡುನಡುವೆ ಬರುವ ‘ಹಾಯ್, ಹಾಯ್’ ನಮ್ಮ ಅಜ್ಜಿಕಥೆಯ ‘ಹೂಂ’ ಇದ್ದಂತೆ. ಕೇಳಿಸುತ್ತಿದೆ ಎಂದಷ್ಟೇ ಅರ್ಥ, ಒಪ್ಪಿಗೆಯಲ್ಲ.

ನಮ್ಮ ಕಡೆಯಿಂದಲೂ ಎಡವಟ್ಟಾಗುತ್ತದೆ. ಪಕ್ಕಕ್ಕೆ ತಲೆಯಾಡಿಸಿ ಒಪ್ಪಿದರೆ ಅವರಿಗೆ ಅನುಮಾನವಾಗಿ ಕಾಣಬಹುದು. ಅವರು ಯೋಚಿಸಲೆಂದು ಸುಮ್ಮನಾದರೆ ನಾವು ಆ ಮೌನ ತಡೆಯಲಾರದೆ ರಿಯಾಯಿತಿ ಘೋಷಿಸಿಬಿಡುತ್ತೇವೆ. ಮನಸ್ಸಿನಲ್ಲೇ ಹತ್ತು ಎಣಿಸಿ.

ಇನ್ನೊಂದು ಮುಖ್ಯ ಸಂಗತಿ: ಅಲ್ಲಿ ದೊಡ್ಡ ತೀರ್ಮಾನಗಳು ಆಗುವುದು ಸಾಮಾನ್ಯವಾಗಿ ಸಭೆಗೆ ಮೊದಲೇ. ‘ನೆಮವಾಶಿ’ ಎಂಬ ಪದ ತೋಟಗಾರಿಕೆಯದು. ಮರವನ್ನು ಕಿತ್ತು ಬೇರೆಡೆ ನೆಡುವ ಮುನ್ನ ಬೇರಿನ ಸುತ್ತ ಅಗೆದು ಹದ ಮಾಡುವ ಕೆಲಸ ಅದು. ಹಾಗೆಯೇ ಸಂಬಂಧಪಟ್ಟ ಒಬ್ಬೊಬ್ಬರ ಜೊತೆಗೂ ಮೊದಲೇ ಮಾತಾಡಿಕೊಂಡಿರುತ್ತಾರೆ. ಆದ್ದರಿಂದ ಪ್ರಸ್ತಾವವನ್ನು ಸಭೆಯಲ್ಲಿ ಮೊದಲ ಸಲ ಬಿಚ್ಚಬೇಡಿ. ಐದಾರು ದಿನ ಮುಂಚೆ ಕಳಿಸಿ, ಅವರ ಕಡೆಯ ಎಂಜಿನಿಯರ್‌ಗೆ ಫೋನ್ ಮಾಡಿ ‘ನಿಮ್ಮವರಿಗೆ ಯಾವ ಭಾಗ ಕಳವಳ ತರಬಹುದು?’ ಎಂದು ಕೇಳಿ. ‘ಒಪ್ಪಿಗೆಯೇ?’ ಎಂದು ಹತ್ತು ಜನರ ಮುಂದೆ ಕೇಳಿದರೆ ಉತ್ತರ ಸಿಗುವುದಿಲ್ಲ, ಮುಜುಗರ ಮಾತ್ರ. ಸಭೆಯ ದಿನವೇ ಒಂದು ಪುಟದ ಟಿಪ್ಪಣಿ ಕಳಿಸಿ ‘ಮುಂದಿನ ಹೆಜ್ಜೆ ಯಾರದು, ಯಾವತ್ತು?’ ಎಂಬ ಸಾಲು ಖಾಲಿ ಬಿಡಿ. ಎರಡು ಸಲ ಕಳಿಸಿದರೂ ಆ ಸಾಲು ತುಂಬದಿದ್ದರೆ ‘ಇಲ್ಲ’ ಎಂದುಕೊಂಡು ಬೇರೆ ಗಿರಾಕಿ ನೋಡಿ.

ಪ್ರಶ್ನೆ: ನನ್ನ ಮ್ಯಾನೇಜರ್ ಜರ್ಮನಿಯವರು. ‘ನಿಮ್ಮವರು ಎಲ್ಲಕ್ಕೂ ಎಸ್ ಅನ್ನುತ್ತಾರೆ, ಕೆಲಸ ಮಾತ್ರ ಆಗಿರುವುದಿಲ್ಲ’ ಎನ್ನುತ್ತಾರೆ. ಮುಖದ ಮೇಲೆ ಹೊಡೆದಂತೆ ಇಲ್ಲ ಎನ್ನುವುದು ಹೇಗೆ? (ಓದುಗರು, ಬೆಂಗಳೂರು)

ಉತ್ತರ: ‘ಟ್ರೈ ಮಾಡ್ತೀನಿ ಸರ್’ ಎಂದಾಗ ನಿಮ್ಮ ದನಿ ಇಳಿದದ್ದನ್ನು ಕನ್ನಡದ ಕಿವಿ ಹಿಡಿಯುತ್ತದೆ. ನಿಮ್ಮ ಮ್ಯಾನೇಜರ್ ಬೆಳೆದ ‘ಲೋ-ಕಾಂಟೆಕ್ಸ್ಟ್’, ಅಂದರೆ ಎಲ್ಲವನ್ನೂ ಬಿಡಿಸಿ ಹೇಳುವ, ರೂಢಿಯಲ್ಲಿ ಅರ್ಥವನ್ನು ಮಾತಿಗೆ ತರುವ ಹೊಣೆ ಹೇಳುವವನದು. ಹಾಗಾಗಿ ಅವರು ದನಿ ಬಿಟ್ಟು ಪದ ಇಟ್ಟುಕೊಳ್ಳುತ್ತಾರೆ. ಹೀಗೆ ಬರೆಯಿರಿ: ‘ಶುಕ್ರವಾರಕ್ಕೆ ಆಗುವುದಿಲ್ಲ. ಮುಂದಿನ ಬುಧವಾರ ಕೊಡುತ್ತೇವೆ. ಟೆಸ್ಟಿಂಗ್‌ಗೆ ಇನ್ನೂ ಮೂರು ದಿನ ಬೇಕು. ಶುಕ್ರವಾರವೇ ಬೇಕಿದ್ದರೆ ಮೂರರಲ್ಲಿ ಎರಡು ಭಾಗ ಕೊಡಬಹುದು, ಯಾವೆರಡು ಎಂದು ತಿಳಿಸಿ.’ ಆಗದ್ದು ಮೊದಲ ವಾಕ್ಯದಲ್ಲೇ ಇರಲಿ. ಕ್ಷಮೆ, ಪೀಠಿಕೆ ಮುಂದೆ ಬಂದರೆ ಅಸಲು ವಿಷಯ ನಾಲ್ಕನೇ ಸಾಲಿಗೆ ಜಾರುತ್ತದೆ. ತೊಂದರೆ ಗೊತ್ತಾದ ದಿನವೇ ಹೇಳಿ. ತಡವಾದದ್ದಕ್ಕಿಂತ ಗುರುವಾರ ಸಂಜೆಯವರೆಗೆ ಸುಮ್ಮನಿದ್ದದ್ದೇ ಅವರನ್ನು ಕೆರಳಿಸುವುದು.

ಮ್ಯಾನೇಜರ್‌ಗೂ ಒಂದು ಮಾತು ಹೇಳಬಹುದು. ‘ಶುಕ್ರವಾರ ಮುಗಿಯುತ್ತಾ?’ ಎಂದರೆ ನಮ್ಮವರ ಬಾಯಲ್ಲಿ ಬರುವುದು ‘ಹೂಂ’ ಒಂದೇ. ‘ಯಾವತ್ತು ಮುಗಿಯುತ್ತದೆ, ಏನು ಅಡ್ಡ ಬರಬಹುದು?’ ಎಂದು ಕೇಳಿದರೆ ಹೂಂಗುಟ್ಟಿ ತಪ್ಪಿಸಿಕೊಳ್ಳಲಾಗದು.

ಅಂದಹಾಗೆ, ಬಿಡಿಸಿ ಹೇಳುವುದು ಬೇರೆ, ಖಾರವಾಗಿ ಟೀಕಿಸುವುದು ಬೇರೆ. ಅಮೆರಿಕದವರು ಎಲ್ಲವನ್ನೂ ವಿವರವಾಗಿ ಬರೆದಿಡುತ್ತಾರೆ, ಆದರೂ ತಪ್ಪು ತೋರಿಸುವ ಮೊದಲು ಮೂರು ಸಲ ಹೊಗಳುವವರು ಅವರಲ್ಲಿ ಬಹಳ. ಜರ್ಮನ್ ಸಹೋದ್ಯೋಗಿ ‘ಇದು ತಪ್ಪು’ ಎಂದರೆ ಆ ಸಾಲಿನ ಬಗ್ಗೆ ಹೇಳಿದ್ದಾರೆ, ನಿಮ್ಮ ಬಗ್ಗೆ ಅಲ್ಲ.

ಪ್ರಶ್ನೆ: ಅಮೆರಿಕದಿಂದ ಬಂದ ಮೊಮ್ಮಗ ‘ಬೇಡ’ ಎಂದರೂ ಬಡಿಸುತ್ತೇನೆಂದು ಮುನಿಸಿಕೊಳ್ಳುತ್ತಾನೆ. ನಾನು ಬೇಡ ಎಂದರೆ ತಟ್ಟೆ ಎತ್ತಿಕೊಂಡೇ ಹೋಗುತ್ತಾನೆ! (ಓದುಗರು, ಶಿವಮೊಗ್ಗ)

ಉತ್ತರ: ಅವನ ಮೊದಲ ‘ಬೇಡ’ವೇ ಕೊನೆಯದು ಎಂದುಕೊಳ್ಳಿ. ನಿಮ್ಮ ಮೂರನೆಯದು ಮಾತ್ರ ನಿಜವಾದ ‘ಬೇಡ’ ಎಂದು ಅವನಿಗೂ ಹೇಳಿಕೊಡಿ. ಕೈ ಅಡ್ಡ ಹಿಡಿದರೆ ಸಾಕು ಎಂದರ್ಥ ಎಂಬುದನ್ನೂ ತೋರಿಸಿ.

ಪ್ರಶ್ನೆ: ಹಾಗಾದರೆ ಸುತ್ತಿ ಬಳಸಿ ಹೇಳುವುದು ನಮ್ಮ ದೋಷವೇ? (ಓದುಗರು, ಧಾರವಾಡ)

ಉತ್ತರ: ಅಲ್ಲ. ನಮ್ಮ ಕಾವ್ಯಮೀಮಾಂಸೆ ಇದನ್ನು ‘ಧ್ವನಿ’ ಎಂದು ತಲೆಮೇಲೆ ಹೊತ್ತುಕೊಂಡಿದೆ. ಒಂಬತ್ತನೇ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನ ಕೊಡುವ ಉದಾಹರಣೆಯೊಂದರಲ್ಲಿ ಒಬ್ಬಳು ಧರ್ಮಿಷ್ಠನಿಗೆ ಹೇಳುತ್ತಾಳೆ: ಇನ್ನು ಧೈರ್ಯವಾಗಿ ಅಡ್ಡಾಡಪ್ಪ, ನಿನ್ನನ್ನು ಹೆದರಿಸುತ್ತಿದ್ದ ನಾಯಿಯನ್ನು ಗೋದಾವರಿ ದಡದ ಪೊದೆಯ ಸಿಂಹ ಕೊಂದುಹಾಕಿತು. ಮಾತು ‘ಬಾ’, ಅರ್ಥ ‘ಈ ಕಡೆ ತಲೆಹಾಕಬೇಡ’. ಸಹೃದಯನಿಗೆ ಇಷ್ಟು ಸಾಕು. ಆದರೆ ಡೆಲಿವರಿ ದಿನಾಂಕ ಕೇಳಿದವನಿಗೆ ಸಿಂಹದ ಕಥೆ ಹೇಳಿದರೆ, ನಾಯಿ ಸತ್ತಿತಲ್ಲ ಎಂದು ನೆಮ್ಮದಿಯಾಗಿ ನಡೆದುಬರುತ್ತಾನೆ.